ಓದಿದ ಮೇಲೂ ಬೆಡ್ ಪಕ್ಕದಲ್ಲೇ ಇರಬೇಕು ಅಂದ್ರೆ ಯಾವ ಮಾಸ್ಟರ್ಸ್? ನರ್ಸ್ ಪ್ರಾಕ್ಟೀಷನರ್ ಮಾಡಿದವರು ಹೇಳಿ

ಕುಂದಗೋಳದ_ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್. ಬಿ.ಎಸ್ಸಿ ನರ್ಸಿಂಗ್ ಮುಗಿಸಿ 6 ವರ್ಷ ಆಯಿತು. ಆರೂ ವರ್ಷ ಐಸಿಯುನಲ್ಲೇ. ಮದುವೆಯಾಗಿದೆ, ಮಗಳಿಗೆ 4 ವರ್ಷ.

ಮುಂದೆ ಓದಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಯಾರನ್ನು ಕೇಳಿದರೂ ಒಂದೇ ಮಾತು. "ಎಂ.ಎಸ್ಸಿ ಮಾಡಿಬಿಡು, ಕಾಲೇಜಲ್ಲಿ ಲೆಕ್ಚರರ್ ಆಗ್ತೀಯ, ನೈಟ್ ಡ್ಯೂಟಿ ತಪ್ಪುತ್ತೆ." ನಮ್ಮ ಅತ್ತೆಯವರೂ ಅದನ್ನೇ ಹೇಳುತ್ತಾರೆ, ನನ್ನ ಮೇಲಿನ ಪ್ರೀತಿಯಿಂದಲೇ. ಆದರೆ ನನಗೆ ಪಾಠ ಮಾಡುವ ಆಸೆ ಇಲ್ಲ. ರೋಗಿ ಹತ್ತಿರ ಇರುವುದೇ ಇಷ್ಟ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕಳೆದ ತಿಂಗಳ ಒಂದು ನೈಟ್. ಬೆಳಗಿನ ಜಾವ ಮೂರು ಗಂಟೆ. ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವ ಅಜ್ಜ, ವಯಸ್ಸು 67, ವೆಂಟಿಲೇಟರ್ ಮೇಲಿದ್ದರು. ಎಬಿಜಿಯಲ್ಲಿ (ರಕ್ತದ ಗ್ಯಾಸ್ ಪರೀಕ್ಷೆ) ಪಿಎಚ್ 7.18, ಕಾರ್ಬನ್ ಡೈಆಕ್ಸೈಡ್ 82. ಅದನ್ನು ಇಳಿಸಬೇಕು ಅಂತ ಉಸಿರಿನ ರೇಟ್ ನಿಮಿಷಕ್ಕೆ 26ಕ್ಕೆ ಏರಿಸಿದ್ದರು. ಒಂದು ತಾಸಿನಲ್ಲಿ ಬಿಪಿ ಬೀಳತೊಡಗಿತು. 110 ಇದ್ದದ್ದು 84ಕ್ಕೆ ಬಂತು. ನಾನು ವೆಂಟಿಲೇಟರ್ ಪರದೆ ನೋಡಿದೆ. ಉಸಿರು ಹೊರಗೆ ಹೋಗುವ ಗೆರೆ ಸೊನ್ನೆಯನ್ನು ಮುಟ್ಟುವ ಮೊದಲೇ ಮುಂದಿನ ಉಸಿರು ಒಳಗೆ ನುಗ್ಗುತ್ತಿತ್ತು. ಪ್ರತಿ ಸಲವೂ ಹಾಗೇ. ಗಾಳಿ ಒಳಗೇ ಉಳಿದುಕೊಳ್ಳುತ್ತಿದೆ ಅಂತ ಕಣ್ಣಿಗೆ ಕಾಣುತ್ತಿತ್ತು.

ಡ್ಯೂಟಿ ಡಾಕ್ಟರ್ ಕ್ಯಾಜುವಾಲ್ಟಿಯಲ್ಲಿ ಇನ್ನೊಂದು ಕೇಸ್ ನೋಡುತ್ತಿದ್ದರು. ಫೋನ್ ಮಾಡಿ ನಾನು ಹೇಳಿದ್ದು ಇಷ್ಟೇ: "ಸರ್, ಬಿಪಿ ಕಡಿಮೆ ಆಗ್ತಿದೆ." ಅವರು ಫ್ಲೂಯಿಡ್ ಕೊಡಿ ಅಂದರು. 20 ನಿಮಿಷ ಬಿಟ್ಟು ಅವರೇ ಬಂದು, ಪರದೆ ನೋಡಿ, ರೇಟ್ ಇಳಿಸಿದರು. ಬಿಪಿ ಏರಿತು. ಅಜ್ಜ ಒಂದು ವಾರದ ನಂತರ ಮನೆಗೆ ಹೋದರು. ಆದರೆ ಆ 20 ನಿಮಿಷ ನನ್ನ ತಲೆಯಿಂದ ಹೋಗುತ್ತಿಲ್ಲ. ಕಂಡದ್ದನ್ನು ಹೇಳೋಕೆ ನನಗೆ ಮಾತು ಬರಲಿಲ್ಲ.

ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಅಂತ ಒಂದು ಕೋರ್ಸ್ ಇದೆ ಅಂತ ಕೇಳಿದ್ದೇನೆ. ಯಾರಾದರೂ ಮಾಡಿದ್ದೀರಾ? ಎಂ.ಎಸ್ಸಿಗೂ ಅದಕ್ಕೂ ಏನು ವ್ಯತ್ಯಾಸ? ಮುಗಿದ ಮೇಲೆ ಏನು ಕೆಲಸ?

ಶಿರಸಿ_ಹುಡುಗಿ

ನನ್ನದೂ ಇದೇ ಪ್ರಶ್ನೆ ಅಕ್ಕ. ಉತ್ತರ ಬಂದರೆ ಓದಲು ಇಲ್ಲೇ ಕಾಯ್ತಿರ್ತೀನಿ.

ಎರಡನೇ_ವರ್ಷ_ಎನ್‌ಪಿ

ಸಿಸ್ಟರ್, ನಾನು ಆ ಕೋರ್ಸಿನ ಎರಡನೇ ವರ್ಷದಲ್ಲಿದ್ದೇನೆ. ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಅಜ್ಜನಿಗೆ ಆಗಿದ್ದಕ್ಕೆ ಆಟೋ-ಪೀಪ್ ಅನ್ನುತ್ತಾರೆ. ಒಳಗೆ ಉಳಿದ ಗಾಳಿ ಎದೆಯಲ್ಲಿ ಒತ್ತಡ ಹೆಚ್ಚಿಸುತ್ತದೆ, ಹೃದಯಕ್ಕೆ ರಕ್ತ ವಾಪಸ್ ಬರುವುದು ಕಡಿಮೆ ಆಗುತ್ತದೆ, ಬಿಪಿ ಬೀಳುತ್ತದೆ. ನೀವು ಕಂಡದ್ದು ಸರಿಯಾಗಿಯೇ ಇತ್ತು. ಫೋನಿನಲ್ಲಿ "ಸರ್, ಎಕ್ಸ್‌ಪಿರೇಟರಿ ಫ್ಲೋ ಸೊನ್ನೆಗೆ ಬರ್ತಿಲ್ಲ, ಆಟೋ-ಪೀಪ್ ಅನ್ಸುತ್ತೆ, ರೇಟ್ ಇಳಿಸಲಾ?" ಅಂದಿದ್ದರೆ ಆ ಕಡೆಯಿಂದ ಬರುವ ಉತ್ತರವೇ ಬೇರೆ ಇರುತ್ತಿತ್ತು. ಈ ಕೋರ್ಸ್ ಕಲಿಸುವುದು ಹೆಚ್ಚಾಗಿ ಇದನ್ನೇ.

ವಿವರ ಹೇಳುತ್ತೇನೆ. ಇದು ಭಾರತೀಯ ನರ್ಸಿಂಗ್ ಕೌನ್ಸಿಲ್ ರೂಪಿಸಿದ 2 ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ. ಥಿಯರಿ 20 ಪರ್ಸೆಂಟ್, ಉಳಿದ 80 ಪರ್ಸೆಂಟ್ ಸ್ಕಿಲ್ ಲ್ಯಾಬ್ ಮತ್ತು ಆಸ್ಪತ್ರೆ. ಬಿ.ಎಸ್ಸಿ ಆಗಿರಬೇಕು, ರಿಜಿಸ್ಟ್ರೇಷನ್ ಇರಬೇಕು, ಕನಿಷ್ಠ 1 ವರ್ಷ ಕ್ಲಿನಿಕಲ್ ಅನುಭವ ಬೇಕು, ಅದು ಕ್ರಿಟಿಕಲ್ ಕೇರ್‌ನಲ್ಲಿ ಇದ್ದರೆ ಒಳ್ಳೆಯದು. ನಿಮಗೆ 6 ವರ್ಷ ಇದೆ, ಚಿಂತೆಯೇ ಇಲ್ಲ.

ಮೊದಲ ವರ್ಷ ನನಗೆ ಕಷ್ಟ ಆಗಿದ್ದು ಅಡ್ವಾನ್ಸ್ಡ್ ಪ್ಯಾಥೋಫಿಸಿಯಾಲಜಿ, ಅಡ್ವಾನ್ಸ್ಡ್ ಫಾರ್ಮಕಾಲಜಿ ಮತ್ತು ಅಡ್ವಾನ್ಸ್ಡ್ ಹೆಲ್ತ್ ಅಸೆಸ್‌ಮೆಂಟ್. ಬಿ.ಎಸ್ಸಿಯಲ್ಲಿ "ನಾರ್‌ಅಡ್ರಿನಲಿನ್ ಬಿಪಿ ಏರಿಸುತ್ತದೆ" ಅಂತ ಓದಿದ್ದೆವು. ಇಲ್ಲಿ ಯಾವ ರಿಸೆಪ್ಟರ್, ಈ ರೋಗಿಗೆ ಯಾಕೆ ಅದು, ವಾಸೋಪ್ರೆಸಿನ್ ಯಾವಾಗ ಸೇರಿಸಬೇಕು, ಎಲ್ಲಾ ಬೇಕು. ಸ್ಟೆತಾಸ್ಕೋಪ್ ಹಿಡಿಯುವುದನ್ನೇ ಹೊಸದಾಗಿ ಕಲಿತೆ. ಬೆಳಿಗ್ಗೆ ರೌಂಡ್ಸ್‌ಗೆ ಮುಂಚೆ ನನ್ನ ಪಾಲಿನ ರೋಗಿಯನ್ನು ತಲೆಯಿಂದ ಕಾಲಿನ ತನಕ ಪರೀಕ್ಷೆ ಮಾಡಿ, ಲ್ಯಾಬ್ ರಿಪೋರ್ಟ್ ನೋಡಿ, ಏನು ಆಗ್ತಿದೆ, ಇವತ್ತು ಏನು ಮಾಡಬೇಕು ಅಂತ ಬರೆದುಕೊಂಡು ಕನ್ಸಲ್ಟೆಂಟ್ ಮುಂದೆ ಹೇಳಬೇಕು. ಮೊದಲ ತಿಂಗಳು ನನಗೆ ಧ್ವನಿಯೇ ಹೊರಡುತ್ತಿರಲಿಲ್ಲ. ಈಗ ತಪ್ಪು ಹೇಳಿದರೆ ಅಲ್ಲೇ ತಿದ್ದಿಸಿಕೊಂಡು ಮುಂದೆ ಹೋಗುತ್ತೇನೆ.

ಮಾಡಿದ ಪ್ರತಿ ಪ್ರೊಸೀಜರ್ ಲಾಗ್ ಬುಕ್‌ನಲ್ಲಿ ಬರಬೇಕು, ಸಹಿ ಬೀಳಬೇಕು.

ಪಾಠದ_ಮೇಡಂ

ನಾನು ಎಂ.ಎಸ್ಸಿ ಮೆಡಿಕಲ್ ಸರ್ಜಿಕಲ್ ಮಾಡಿ 14 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಈ ಕಡೆಯ ಮಾತನ್ನೂ ಹೇಳಬೇಕು ಅನ್ನಿಸಿತು.

ನೈಟ್ ಡ್ಯೂಟಿ ತಪ್ಪಿಸಿಕೊಳ್ಳುವ ದಾರಿ ಅಂತ ಎಂ.ಎಸ್ಸಿಯನ್ನು ಮಾತ್ರ ನೋಡಬೇಡಿ. ಒಳ್ಳೆಯ ಪಾಠ ಸಿಕ್ಕಿದ ಕಡೆಯಿಂದಲೇ ಒಳ್ಳೆಯ ನರ್ಸ್ ಬರುವುದು. ಆದರೆ ಸಿಸ್ಟರ್, ನಿಮಗೆ ಪಾಠದ ಆಸೆ ಇಲ್ಲ ಅಂದರೆ ದಯವಿಟ್ಟು ಈ ಕಡೆ ಬರಬೇಡಿ. ಆಸೆ ಇಲ್ಲದೆ ಬಂದವರ ಕ್ಲಾಸಿನಲ್ಲಿ ಕೂತ ಮಕ್ಕಳ ಮುಖ ನಾನು ನೋಡಿದ್ದೇನೆ.

ಎಂ.ಎಸ್ಸಿಯಲ್ಲಿ ಮೆಡಿಕಲ್ ಸರ್ಜಿಕಲ್, ಮಕ್ಕಳದ್ದು, ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ), ಸೈಕಿಯಾಟ್ರಿ, ಕಮ್ಯುನಿಟಿ ಅಂತ ಐದು ವಿಭಾಗ. ಬಿ.ಎಸ್ಸಿಯಲ್ಲಿ 55 ಪರ್ಸೆಂಟ್ ಮತ್ತು 1 ವರ್ಷದ ಅನುಭವ ಕೇಳುತ್ತಾರೆ. ನರ್ಸಿಂಗ್ ಎಜುಕೇಷನ್, ರಿಸರ್ಚ್, ಥೀಸಿಸ್, ಇವಕ್ಕೆ ತುಂಬಾ ಸಮಯ ಹೋಗುತ್ತದೆ. ಕ್ಲಿನಿಕಲ್ ಕಡೆ ಆಳವಾಗಿ ಹೋಗಬೇಕು, ಆದರೆ ಎಂ.ಎಸ್ಸಿ ಅನ್ನುವ ಹೆಸರೂ ಬೇಕು ಅನ್ನುವವರಿಗೆ ದೆಹಲಿಯ ಏಮ್ಸ್ ಇದೆ. ಅಲ್ಲಿ ಕಾರ್ಡಿಯಾಲಜಿ, ನೆಫ್ರಾಲಜಿ, ಆಂಕಾಲಜಿ, ನ್ಯೂರೋಸೈನ್ಸ್, ಕ್ರಿಟಿಕಲ್ ಕೇರ್ ನರ್ಸಿಂಗ್‌ನಲ್ಲಿ ಎಂ.ಎಸ್ಸಿ ಕೊಡುತ್ತಾರೆ. ಪ್ರವೇಶ ಪರೀಕ್ಷೆ ಗಟ್ಟಿ. ಮನೋರೋಗದ ಕಡೆ ಒಲವಿದ್ದರೆ ನಮ್ಮ ನಿಮ್ಹಾನ್ಸ್‌ಗಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ.

ತುಮಕೂರು_ಬ್ರದರ್

ಎಲ್ಲರೂ ಕೋರ್ಸ್ ಬಗ್ಗೆ ಹೇಳ್ತಿದ್ದೀರಿ. ಮುಗಿದ ಮೇಲೆ ಏನು ಅಂತ ನಾನು ಹೇಳುತ್ತೇನೆ. ನಾನು ನರ್ಸ್ ಪ್ರಾಕ್ಟೀಷನರ್ ಮುಗಿಸಿದವನು.

ಕೋರ್ಸ್ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ. ಅದು ನನ್ನನ್ನು ಬದಲಾಯಿಸಿದೆ. ಆದರೆ ಮುಗಿಸಿ ಒಂದು ದೊಡ್ಡ ಆಸ್ಪತ್ರೆಗೆ ಸೇರಿದಾಗ ಎಚ್‌ಆರ್‌ನವರಿಗೆ ಆ ಹೆಸರೇ ಗೊತ್ತಿರಲಿಲ್ಲ. ಸೀನಿಯರ್ ಸ್ಟಾಫ್ ನರ್ಸ್ ಅಂತ ಆರ್ಡರ್ ಕೊಟ್ಟರು. ಸಂಬಳದಲ್ಲಿ ವ್ಯತ್ಯಾಸ ಇಲ್ಲ ಅನ್ನುವಷ್ಟು ಕಡಿಮೆ. ಮೊದಲ ವಾರವೇ ಎಂಟು ಬೆಡ್‌ಗೆ ಇನ್-ಚಾರ್ಜ್ ಮಾಡಿ, ಇಂಡೆಂಟ್ ಬರೆಯಲು, ಲಿನನ್ ಲೆಕ್ಕ ಇಡಲು ಕೂರಿಸಿದರು. ಎರಡು ವರ್ಷ ಕಲಿತದ್ದು ಕೈಯಲ್ಲಿ ತುಕ್ಕು ಹಿಡಿಯುತ್ತಿದೆ ಅನ್ನಿಸಿತು. ಒಂದೂವರೆ ವರ್ಷದ ನಂತರ ಬಿಟ್ಟೆ. ಈಗ ಇರುವ ಕಡೆ ಐಸಿಯು ಕನ್ಸಲ್ಟೆಂಟ್ ಒಬ್ಬರು ಪಟ್ಟು ಹಿಡಿದು ನಮಗಾಗಿ ಲಿಖಿತ ಪ್ರೋಟೋಕಾಲ್ ಮಾಡಿಸಿದ್ದಾರೆ. ವೆಂಟಿಲೇಟರ್ ಬಿಡಿಸುವುದು, ಇನ್ಸುಲಿನ್, ಪೊಟ್ಯಾಸಿಯಂ ಸರಿಮಾಡುವುದು, ಇವೆಲ್ಲ ಆ ಮಿತಿಯೊಳಗೆ ನಾವೇ ಮಾಡುತ್ತೇವೆ.

ಕಾನೂನಿನ ಮಾತನ್ನೂ ತಿಳಿದುಕೊಳ್ಳಿ. ಅಮೆರಿಕದ ಹಾಗೆ ಇಲ್ಲಿ ನಾವು ಸ್ವತಂತ್ರವಾಗಿ ಔಷಧ ಬರೆದುಕೊಡುವಂತಿಲ್ಲ. ಆಸ್ಪತ್ರೆಯ ಪ್ರೋಟೋಕಾಲ್, ಸ್ಟ್ಯಾಂಡಿಂಗ್ ಆರ್ಡರ್ ಇದ್ದರೆ ಅದರ ಪ್ರಕಾರ, ವೈದ್ಯರ ತಂಡದ ಜೊತೆ ಕೆಲಸ. ಪ್ರೋಟೋಕಾಲ್ ಇಲ್ಲದ ಆಸ್ಪತ್ರೆಯಲ್ಲಿ ನೀವು ಮತ್ತೆ ಸ್ಟಾಫ್ ನರ್ಸೇ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಹುದ್ದೆ, ಸಂಬಳ, ಅಧಿಕಾರ ಸ್ಪಷ್ಟ ಆಗಬೇಕು ಅಂದರೆ ನಾವೇ ಕೇಳಬೇಕು. ಸುಮ್ನೆ ಕೂತರೆ ಯಾರೂ ಕೊಡಲ್ಲ.

ಮೈಸೂರು_ಇಂಟೆನ್ಸಿವಿಸ್ಟ್

ನಾನು ವೈದ್ಯ. ಐಸಿಯು ನೋಡುತ್ತೇನೆ. ನಡುವೆ ಬಂದಿದ್ದಕ್ಕೆ ಕ್ಷಮಿಸಿ.

ತುಮಕೂರಿನ ಬ್ರದರ್ ಹೇಳಿದ್ದು ನಿಜ, ಅದರಲ್ಲಿ ನಮ್ಮ ವೈದ್ಯರ ತಪ್ಪೂ ಇದೆ. ನರ್ಸ್ ಏನನ್ನಾದರೂ ನಿರ್ಧರಿಸುತ್ತಾರೆ ಅಂದರೆ ನಮ್ಮಲ್ಲಿ ಹಲವರಿಗೆ ಅಧಿಕಾರ ಕಿತ್ತುಕೊಂಡ ಹಾಗೆ ಕಾಣುತ್ತದೆ. ರಾತ್ರಿ ಹೊತ್ತು ಒಬ್ಬ ಡ್ಯೂಟಿ ಡಾಕ್ಟರ್, ಅದೂ ಕೆಲವೊಮ್ಮೆ ಈಗಷ್ಟೇ ಎಂಬಿಬಿಎಸ್ ಮುಗಿಸಿದವರು. ಅವರಿಗೂ ಆಟೋ-ಪೀಪ್ ಗೊತ್ತಿರಬೇಕು ಅಂತೇನಿಲ್ಲ. ಹಾಸಿಗೆ ಪಕ್ಕದಲ್ಲಿ 12 ತಾಸು ಇರುವವರು ಸಿಸ್ಟರ್ ಮಾತ್ರ. ಅವರ ಕಣ್ಣು, ಅವರ ತರಬೇತಿ ನನಗೆ ಬೇಕು.

ಕಾಲೇಜು ಆರಿಸುವಾಗ ಒಂದು ಮಾತು ನೆನಪಿಡಿ. ಅಲ್ಲಿ ನಿಮಗೆ ಕಲಿಸುವ ಇಂಟೆನ್ಸಿವಿಸ್ಟ್ ನಿಜವಾಗಿಯೂ ಇದ್ದಾರಾ, ದಿನಾ ರೌಂಡ್ಸ್ ಮಾಡುತ್ತಾರಾ ನೋಡಿ. ವೈದ್ಯರೇ ಇಲ್ಲದ ಐಸಿಯುನಲ್ಲಿ ಈ ಕೋರ್ಸ್ ಬರೀ ಡ್ಯೂಟಿ ಆಗುತ್ತದೆ.

ಕುಂದಗೋಳದ_ಸಿಸ್ಟರ್

ಇಷ್ಟೆಲ್ಲ ಬರೆದದ್ದಕ್ಕೆ ಹೃದಯದಿಂದ ಧನ್ಯವಾದ. ಆಟೋ-ಪೀಪ್ ಅನ್ನುವ ಹೆಸರು ತಿಳಿದ ಮೇಲೆ ಮನಸ್ಸು ಸ್ವಲ್ಪ ಹಗುರ ಆಯಿತು.

ಎರಡನೇ ವರ್ಷದ ಸಿಸ್ಟರ್‌ಗೆ ಇನ್ನೊಂದು ಪ್ರಶ್ನೆ. ಮನೆ, ದುಡ್ಡು ಹೇಗೆ ನಿಭಾಯಿಸಿದಿರಿ? ನನಗೆ ಕೈಗೆ ಬರುವುದು 23 ಸಾವಿರ. ಎರಡು ವರ್ಷ ಅದು ನಿಂತರೆ ಕಷ್ಟ. ಯಜಮಾನರು ಓದು ಅನ್ನುತ್ತಾರೆ. ಆದರೆ ಅವರ ಒಬ್ಬರ ಸಂಬಳದಲ್ಲಿ ಮನೆ ಲೋನೂ ಹೋಗಬೇಕು. ಮತ್ತೆ, ಆಮೇಲೆ ವಿದೇಶಕ್ಕೆ ಹೋಗುವುದಾದರೆ ಈ ಡಿಗ್ರಿ ನಡೆಯುತ್ತಾ?

ಎರಡನೇ_ವರ್ಷ_ಎನ್‌ಪಿ

ದುಡ್ಡಿನ ವಿಷಯ ಮೊದಲು. ಕೌನ್ಸಿಲ್ ನಿಯಮದಲ್ಲಿ ಹೀಗಿದೆ: ಕೆಲಸದಲ್ಲಿದ್ದು ಬಂದವರಿಗೆ ಅವರ ಸಂಬಳ, ಉಳಿದವರಿಗೆ ಕೋರ್ಸ್ ನಡೆಸುವ ಆಸ್ಪತ್ರೆಯ ಸಂಬಳ ಪದ್ಧತಿಯಂತೆ. ಯಾಕೆಂದರೆ ಇದು ರೆಸಿಡೆನ್ಸಿ, ನಾವು ಪೂರ್ತಿ ಡ್ಯೂಟಿ ಮಾಡುತ್ತೇವೆ. ಆದರೆ ಕೈಗೆ ಎಷ್ಟು ಕೊಡುತ್ತಾರೆ, ಫೀಸಿನಲ್ಲಿ ಎಷ್ಟು ವಾಪಸ್ ಹೋಗುತ್ತದೆ ಅಂತ ಸೇರುವ ಮೊದಲೇ ಲಿಖಿತವಾಗಿ ಕೇಳಿ. ಬಾಯಿಮಾತು ನಂಬಬೇಡಿ. ಬಾಂಡ್ ಇದೆಯಾ, ಅಂದರೆ ಮುಗಿದ ಮೇಲೆ ಅಲ್ಲೇ ಕೆಲಸ ಮಾಡಬೇಕಾ ಅಂತಲೂ ಕೇಳಿ.

ನನಗೂ ಮಗ ಇದ್ದಾನೆ. ಅವ್ವ ಊರಿಂದ ಬಂದು ನನ್ನ ಜೊತೆ ಇದ್ದಾರೆ. ಅವರಿಲ್ಲದೆ ನನ್ನಿಂದ ಆಗುತ್ತಿರಲಿಲ್ಲ. ಅವನು ಮಲಗಿದ ಮೇಲೆ ರಾತ್ರಿ ಹತ್ತರಿಂದ ಹನ್ನೆರಡು ನನ್ನ ಓದು. ನೈಟ್ ಡ್ಯೂಟಿ ಇದ್ದರೆ ಆ ಓದೂ ಇಲ್ಲ.

ವಿದೇಶದ್ದು ಅಲ್ಲಿರುವವರೇ ಹೇಳಲಿ.

ಲೀಡ್ಸ್‌ನಿಂದ_ದಾವಣಗೆರೆ

ನಾನು ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಟ್ರೈನಿ ಅಡ್ವಾನ್ಸ್ಡ್ ಕ್ಲಿನಿಕಲ್ ಪ್ರಾಕ್ಟೀಷನರ್ (ನರ್ಸ್ ಪ್ರಾಕ್ಟೀಷನರ್ ಥರದ ಹುದ್ದೆ) ಆಗಿದ್ದೇನೆ. ಊರು ದಾವಣಗೆರೆ.

ಅಲ್ಲಿಂದ ಡಿಗ್ರಿ ತಂದು ಇಲ್ಲಿ ನೇರವಾಗಿ ಈ ಕೆಲಸಕ್ಕೆ ಸೇರುವುದು ಆಗುವುದಿಲ್ಲ. ಎಲ್ಲರೂ ಒಂದೇ ಬಾಗಿಲಿನಿಂದ ಬರಬೇಕು. ಐಇಎಲ್‌ಟಿಎಸ್ ಅಥವಾ ಓಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ, ಆಮೇಲೆ ಕಂಪ್ಯೂಟರ್ ಪರೀಕ್ಷೆ, ಇಲ್ಲಿಗೆ ಬಂದು ಓಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ. ಪಾಸಾದರೆ ಬ್ಯಾಂಡ್ 5 ನರ್ಸ್, ಅಂದರೆ ಇಲ್ಲಿ ನರ್ಸ್‌ಗಳ ಮೊದಲ ದರ್ಜೆ. ಭಾರತದಲ್ಲಿ 9 ವರ್ಷ ಐಸಿಯು ಮಾಡಿ ಬಂದ ನಾನೂ ಬ್ಯಾಂಡ್ 5ರಿಂದಲೇ ಶುರು ಮಾಡಿದೆ. ಮೊದಲ ಆರು ತಿಂಗಳು ಕ್ಯಾನುಲಾ ಹಾಕಲೂ ಇವರ ಟ್ರೈನಿಂಗ್ ಮುಗಿಸಿ ಸಹಿ ಪಡೆಯಬೇಕಿತ್ತು. ಮನಸ್ಸಿಗೆ ತುಂಬಾ ನೋವಾಯಿತು.

ಆದರೆ ಬಂದ ಮೇಲೆ ಏಣಿ ಕಾಣುತ್ತದೆ. ಬ್ಯಾಂಡ್ 6 ಆದ ಮೇಲೆ ಟ್ರೈನಿ ಹುದ್ದೆಗೆ ಅರ್ಜಿ ಹಾಕಿದೆ. ಆಸ್ಪತ್ರೆಯೇ ಫೀಸ್ ಕಟ್ಟುತ್ತಿದೆ. ಪಾರ್ಟ್ ಟೈಮ್ ಎಂ.ಎಸ್ಸಿ, 3 ವರ್ಷ. ಕ್ಲಿನಿಕಲ್, ನಾಯಕತ್ವ, ಶಿಕ್ಷಣ, ಸಂಶೋಧನೆ, ಈ ನಾಲ್ಕೂ ಕಂಬಗಳಲ್ಲಿ ಸಾಮರ್ಥ್ಯ ತೋರಿಸಬೇಕು. ಔಷಧ ಬರೆಯಲು ವಿ300 ಅನ್ನುವ ಬೇರೆ ಕೋರ್ಸ್. ನನ್ನ ಕೋರ್ಸಿನಲ್ಲಿ ಅದಕ್ಕೆ 90 ಗಂಟೆ ಒಬ್ಬ ಪ್ರಿಸ್ಕ್ರೈಬರ್ ಜೊತೆ ಕೆಲಸ ಮಾಡಬೇಕು. ಅದು ಮುಗಿದರೆ ನರ್ಸ್ ತನ್ನ ಸಾಮರ್ಥ್ಯದ ಮಿತಿಯಲ್ಲಿ ತಾನೇ ಔಷಧ ಬರೆಯಬಹುದು. ಇಲ್ಲಿ ಅದು 2006ರಿಂದಲೇ ಹೀಗಿದೆ.

ಡಲ್ಲಾಸ್_ಕನ್ನಡತಿ

ಅಮೆರಿಕದ ದಾರಿ ನನ್ನದು. ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಬರೆದು ಬಂದೆ, ಬೆಂಗಳೂರಿನಲ್ಲೇ ಪರೀಕ್ಷಾ ಕೇಂದ್ರ ಇತ್ತು. 5 ವರ್ಷ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಆಗಿ ಕೆಲಸ ಮಾಡಿ ನಂತರ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಮಾಸ್ಟರ್ಸ್.

ಈ ನರ್ಸ್ ಪ್ರಾಕ್ಟೀಷನರ್ ಅನ್ನುವುದು ಹುಟ್ಟಿದ್ದೇ ಇಲ್ಲಿ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಅನ್ನುವ ನರ್ಸ್, ಹೆನ್ರಿ ಸಿಲ್ವರ್ ಅನ್ನುವ ಮಕ್ಕಳ ವೈದ್ಯರ ಜೊತೆ ಸೇರಿ ಶುರು ಮಾಡಿದರು. ಫೋರ್ಡ್ 2025ರ ಜನವರಿಯಲ್ಲಿ ತೀರಿಕೊಂಡರು, 104 ವರ್ಷ. ಆ ದಿನ ನಮ್ಮ ಕ್ಲಿನಿಕ್‌ನಲ್ಲಿ ನಾವು ಮೂವರು ನರ್ಸ್ ಪ್ರಾಕ್ಟೀಷನರ್‌ಗಳು ಊಟದ ಹೊತ್ತಿಗೆ ಒಟ್ಟಿಗೆ ಕೂತು ಅವರ ಬಗ್ಗೆಯೇ ಮಾತಾಡಿದೆವು. ಶುರುವಿನಲ್ಲಿ ಅವರನ್ನು ವಿರೋಧಿಸಿದವರಲ್ಲಿ ನರ್ಸಿಂಗ್ ಶಿಕ್ಷಕರೇ ಇದ್ದರು. ತುಮಕೂರಿನ ಅಣ್ಣನ ಪೋಸ್ಟ್ ಓದಿದಾಗ ಅದು ನೆನಪಾಯಿತು.

ಇಲ್ಲೂ ಎಲ್ಲ ಕಡೆ ಒಂದೇ ಥರ ಇಲ್ಲ. ಕೆಲವು ರಾಜ್ಯಗಳಲ್ಲಿ ಪೂರ್ತಿ ಸ್ವತಂತ್ರ. ನಾನಿರುವ ಟೆಕ್ಸಾಸ್‌ನಲ್ಲಿ ಔಷಧ ಬರೆಯಲು ಒಬ್ಬ ವೈದ್ಯರ ಜೊತೆ ಲಿಖಿತ ಒಪ್ಪಂದ ಬೇಕು. ಅನಸ್ತೇಷಿಯಾ ಕಡೆ ಹೋಗುವ ಆಸೆ ಇದ್ದರೆ ಈಗ ಮಾಸ್ಟರ್ಸ್ ಸಾಲದು, ಡಾಕ್ಟರೇಟ್ ಮಟ್ಟದ ಕೋರ್ಸಿಗೇ ಸೇರಬೇಕು.

ನನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು ಪ್ರಿಸೆಪ್ಟರ್, ಅಂದರೆ ಜೊತೆಗಿದ್ದು ಕೆಲಸ ಕಲಿಸುವವರನ್ನು ಹುಡುಕುವುದು. ಹಲವು ಆನ್‌ಲೈನ್ ಕಾಲೇಜುಗಳು ಕ್ಲಿನಿಕಲ್ ಗಂಟೆಗಳಿಗೆ ನೀವೇ ವೈದ್ಯರನ್ನೋ ಹಿರಿಯ ಪ್ರಾಕ್ಟೀಷನರ್‌ರನ್ನೋ ಹುಡುಕಿಕೊಳ್ಳಿ ಅನ್ನುತ್ತವೆ. ನಾನು 31 ಕ್ಲಿನಿಕ್‌ಗಳಿಗೆ ಫೋನ್ ಮಾಡಿದೆ. ಒಪ್ಪಿದವರು ಇಬ್ಬರು. ಇಲ್ಲಿ ಓದಲು ಬರುವವರು ಯಾರಾದರೂ ಇದ್ದರೆ, ಪ್ರಿಸೆಪ್ಟರ್ ಕೊಡುವ ಕಾಲೇಜನ್ನೇ ಹಿಡಿಯಿರಿ, ಫೀಸ್ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ಸೂಲಗಿತ್ತಿ_ಮೊಮ್ಮಗಳು

ಎಲ್ಲರೂ ಐಸಿಯು ಅಂತಿದ್ದೀರಿ. ಹೆರಿಗೆ ಕೋಣೆಯ ಬಗ್ಗೆ ನಾನು ಹೇಳದಿದ್ದರೆ ಆಗುವುದಿಲ್ಲ.

ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಮಿಡ್‌ವೈಫರಿ ಮಾರ್ಗಸೂಚಿ ತಂದಿತು. ಅದರಲ್ಲಿ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಅಂತ 18 ತಿಂಗಳ ತರಬೇತಿ ಇದೆ. ಇದು ಮಾಸ್ಟರ್ಸ್ ಅಲ್ಲ. ಆದರೆ ತೊಂದರೆ ಇಲ್ಲದ ಸಹಜ ಹೆರಿಗೆಯನ್ನು ಮಿಡ್‌ವೈಫ್ ತಾನೇ ನಡೆಸುವ ಘಟಕಗಳಿಗೆ ಜನ ಬೇಕು ಅಂತಲೇ ಮಾಡಿದ್ದು.

ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದೂ 2018ರಲ್ಲೇ. ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಸಾವಿರಾರು ಹೆರಿಗೆ ಮಾಡಿಸಿದ ಕೈ ಅದು, ಶಾಲೆಯ ಓದಿಲ್ಲದ ಕೈ. ನನ್ನ ಅಜ್ಜಿಯೂ ಅದೇ ಕೆಲಸ ಮಾಡುತ್ತಿದ್ದವರು. ಮಗು ತಿರುಗಿದೆಯಾ ಅಂತ ಹೊಟ್ಟೆ ಮೇಲೆ ಎರಡು ಕೈ ಇಟ್ಟು ಕಣ್ಣು ಮುಚ್ಚಿ ನೋಡುತ್ತಿದ್ದರು. ತರಬೇತಿಯಲ್ಲಿ ಹೊಟ್ಟೆ ಮುಟ್ಟಿ ನೋಡುವುದನ್ನು ಕಲಿಸಿದಾಗ ನನ್ನ ಕೈ ಅಜ್ಜಿಯ ಕೈಯ ಹಾಗೇ ಹೋಗಿ ಕೂತಿತು. ಜೊತೆಗೆ ರಕ್ತಸ್ರಾವ ಆದರೆ ಏನು ಮಾಡಬೇಕು, ಯಾವಾಗ ತಡಮಾಡದೆ ಕಳಿಸಬೇಕು, ಅಜ್ಜಿಗೆ ಯಾರೂ ಕಲಿಸದಿದ್ದ ಅದೆಲ್ಲ ನನಗೆ ಸಿಕ್ಕಿತು.

ಶಿರಸಿ_ಹುಡುಗಿ

ಅಕ್ಕ, ನಿಮ್ಮ ಅಜ್ಜಿಯ ಕೈ ಓದಿ ಕಣ್ಣಲ್ಲಿ ನೀರು ಬಂತು. ಈ 18 ತಿಂಗಳಿನದ್ದರ ಬಗ್ಗೆ ನಿಮಗೆ ಬೇರೆಯಾಗಿ ಮೆಸೇಜ್ ಮಾಡ್ತೀನಿ.

ಕುಂದಗೋಳದ_ಸಿಸ್ಟರ್

ಮೂರು ವಾರ ಆಯಿತು, ಇಲ್ಲಿಗೆ ಬರಲು ಆಗಿರಲಿಲ್ಲ. ರಜೆ ಹಾಕಿ ಒಂದು ಕಾಲೇಜು ನೋಡಿಕೊಂಡು ಬಂದೆ.

ಪ್ರಿನ್ಸಿಪಾಲ್ ರೂಮಿಗಿಂತ ಮೊದಲು ಐಸಿಯುಗೆ ಹೋಗುತ್ತೇನೆ ಅಂತ ಕೇಳಿಕೊಂಡೆ, ಒಪ್ಪಿದರು. ಕಾಲೇಜಿನದೇ ಆಸ್ಪತ್ರೆ. ಬೆಳಿಗ್ಗೆ ಎಂಟೂವರೆಗೆ ರೌಂಡ್ಸ್. ಒಬ್ಬಳು ಮೊದಲ ವರ್ಷದ ಹುಡುಗಿ ಮೂತ್ರ ಕಡಿಮೆ ಆದ ರೋಗಿಯ ಬಗ್ಗೆ ಹೇಳುತ್ತಿದ್ದಳು. ಕನ್ಸಲ್ಟೆಂಟ್ "ಫ್ಲೂಯಿಡ್ ಕೊಡೋಣವಾ?" ಅಂದರು. ಅವಳು "ಬೇಡ ಸರ್, ಎರಡೂ ಕಡೆ ಬೇಸ್‌ನಲ್ಲಿ ಕ್ರೆಪ್ಸ್ ಇದೆ, ನಿನ್ನೆಯಿಂದ ಎರಡೂವರೆ ಲೀಟರ್ ಪಾಸಿಟಿವ್ ಇದ್ದಾರೆ" ಅಂದಳು. ಅಂದರೆ ಶ್ವಾಸಕೋಶದ ಬುಡದಲ್ಲಿ ಕರಕರ ಸದ್ದು ಇದೆ, ಒಳಗೆ ಹೋದ ನೀರು ಹೊರಗೆ ಬಂದದ್ದಕ್ಕಿಂತ ಅಷ್ಟು ಜಾಸ್ತಿ. ಅವರು ತಾವೇ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಆಮೇಲೆ ಫ್ಲೂಯಿಡ್ ಆರ್ಡರ್ ಬರೆಯಲಿಲ್ಲ. ನಾನು ಹಿಂದೆ ನಿಂತು ನೋಡುತ್ತಿದ್ದೆ. ಅವಳಿಗೆ ಹೆಚ್ಚೆಂದರೆ 25 ವರ್ಷ.

ಸ್ಟೈಪೆಂಡ್ ಲಿಖಿತವಾಗಿ ಕೊಡುತ್ತಾರಂತೆ, ನನ್ನ ಈಗಿನ ಸಂಬಳಕ್ಕಿಂತ ಕಡಿಮೆ. ಬಾಂಡ್ 1 ವರ್ಷ. ಮುಗಿಸಿದವರು ಎಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ಕೇಳಿದೆ. ನಾಲ್ವರಲ್ಲಿ ಇಬ್ಬರು ಅದೇ ಐಸಿಯುನಲ್ಲಿ ಪ್ರಾಕ್ಟೀಷನರ್ ಹೆಸರಿನಲ್ಲೇ ಇದ್ದಾರೆ. ಒಬ್ಬರು ವಿದೇಶ, ಒಬ್ಬರು ಪಾಠಕ್ಕೆ ಹೋಗಿದ್ದಾರೆ. ಹುದ್ದೆಗಳು ಇನ್ನೂ ಕಡಿಮೆ ಅಂತ ಅವರೇ ಒಪ್ಪಿಕೊಂಡರು.

ಮನೆಯಲ್ಲಿ ಮಾತಾಡಿದೆವು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಿನಗ ರಾತ್ರಿ ಡ್ಯೂಟಿ ತಪ್ಪೂದಿಲ್ಲಲ್ಲ" ಅಂದರು. ಹೌದು ಅಂದೆ. "ಆತು ಬಿಡು, ಹುಡುಗಿ ನನ್ನ ಹತ್ರ ಮಲಗತಾಳ" ಅಂದರು. ಅರ್ಜಿ ಹಾಕುತ್ತಿದ್ದೇನೆ.

ತುಮಕೂರು_ಬ್ರದರ್

ತುಂಬಾ ಖುಷಿ ಆಯ್ತು ಸಿಸ್ಟರ್. ಮುಗಿದ ತಕ್ಷಣ ರಾಜ್ಯ ಕೌನ್ಸಿಲ್‌ನಲ್ಲಿ ಹೆಚ್ಚುವರಿ ಅರ್ಹತೆ ಅಂತ ನೋಂದಣಿ ಮಾಡಿಸಿ, ನನ್ನ ಹಾಗೆ ಒಂದು ವರ್ಷ ತಡ ಮಾಡಬೇಡಿ. ನಮ್ಮ ಪ್ರೋಟೋಕಾಲ್‌ನ ಮಾದರಿ ಬೇಕಿದ್ದರೆ ಕನ್ಸಲ್ಟೆಂಟ್ ಅನುಮತಿ ಕೇಳಿ ಕಳಿಸುತ್ತೇನೆ.

ಎರಡನೇ_ವರ್ಷ_ಎನ್‌ಪಿ

ಹಾಗಾದರೆ ಇವತ್ತಿಂದಲೇ ಶುರು ಮಾಡಿ. ಒಂದು ಎಬಿಜಿ ಕೊಡುತ್ತೇನೆ. ಪಿಎಚ್ 7.32, ಕಾರ್ಬನ್ ಡೈಆಕ್ಸೈಡ್ 62, ಬೈಕಾರ್ಬ್ (ಆಮ್ಲ ತಗ್ಗಿಸುವ ಬೈಕಾರ್ಬೊನೇಟ್) 31. ರೋಗಿ ಮಾತಾಡುತ್ತಿದ್ದಾರೆ, ಎಚ್ಚರ ಇದೆ. ಏನಿದು, ಏನು ಮಾಡುತ್ತೀರಿ?

ಕುಂದಗೋಳದ_ಸಿಸ್ಟರ್

ರೆಸ್ಪಿರೇಟರಿ ಅಸಿಡೋಸಿಸ್, ಕಾರ್ಬನ್ ಡೈಆಕ್ಸೈಡ್ ಉಳಿದು ರಕ್ತ ಆಮ್ಲೀಯ ಆಗಿದೆ. ಆದರೆ ಬೈಕಾರ್ಬ್ ಏರಿದೆ, ಅಂದರೆ ಇದು ಇವತ್ತು ಆದದ್ದಲ್ಲ. ಹಳೆಯ ಸಿಒಪಿಡಿ, ಕಿಡ್ನಿ ಸರಿದೂಗಿಸುತ್ತಾ ಬಂದಿದೆ. ಅವರ ಹಳೆಯ ಎಬಿಜಿ ಹುಡುಕುತ್ತೇನೆ. ಆಕ್ಸಿಜನ್ ಜಾಸ್ತಿ ಕೊಡುವುದಿಲ್ಲ, ಸ್ಯಾಚುರೇಷನ್ 88ರಿಂದ 92 ಸಾಕು. 62 ಅನ್ನು ಸಾಮಾನ್ಯ ಮಟ್ಟವಾದ 40ಕ್ಕೆ ತರಲು ಹೋಗುವುದಿಲ್ಲ. ಸರಿನಾ?

ಎರಡನೇ_ವರ್ಷ_ಎನ್‌ಪಿ

ಸರಿ. ನಾಳೆ ನೈಟ್ ಮುಗಿಸಿ ಬಂದು ಇದಕ್ಕಿಂತ ಕಷ್ಟದ್ದು ಕಳಿಸುತ್ತೇನೆ.